ಸಮೀಪ ಸಂಚಾರದ ಸುಖ

2021ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಮುಚ್ಚಿಕೊಂಡ ಬಾಗಿಲುಗಳು ಆಮೇಲೆ ಒಂದೊಂದಾಗಿ ತೆರೆದುವು. ಜೂನ್ 14ರಿಂದ ಬೆಂಗಳೂರಿನ ಉದ್ಯಾನಗಳು ಬೆಳಗಿನ 5 ಗಂಟೆಯಿಂದ 10 ಗಂಟೆಯವರೆಗೆ ನಡೆದಾಡುವವರಿಗೆ ಲಭ್ಯವಾದುವು. 21ರಿಂದ ಬಸ್ಸುಗಳೂ ಮೆಟ್ರೋ ರೈಲೂ ಅರ್ಧದಷ್ಟು ಆಸನಗಳಲ್ಲಿ ಜನರನ್ನು ಕೂರಿಸಿಕೊಂಡು ಸಂಚರಿಸತೊಡಗಿದುವು. ಜುಲೈ 5ರಿಂದ ವಾರಾಂತ್ಯದ ಕರ್ಫ್ಯೂ ತೊಲಗಿ ದೇವಾಲಯಗಳಲ್ಲಿ ದರ್ಶನಕ್ಕೆ ಅವಕಾಶವಾಯಿತು. 19ರಿಂದ ಚಿತ್ರಮಂದಿರಗಳಲ್ಲಿಯೂ ಅರ್ಧದಷ್ಟು ಪ್ರೇಕ್ಷಕರು ಕುಳಿತುಕೊಳ್ಳಬಹುದೆಂದು ಅಪ್ಪಣೆಯಾಯಿತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಡಿಲಗೊಳ್ಳುತ್ತಿದ್ದ ನಿರ್ಬಂಧಗಳನ್ನು ಕಂಡು, ಇಷ್ಟು ನಿಧಾನವೇಕೆ ಎಂದು ತಾಳ್ಮೆಗೆಟ್ಟವರು ಕೆಲವರು. ಇಷ್ಟು ಆತುರವೇಕೆ ಎಂದು ಭೀತರಾದವರು ಕೆಲವರು. ಈ ಎರಡು ಪಕ್ಷದವರೂ ಗಮನಿಸದೆ ಬಿಟ್ಟ ಒಂದು ಸಂಗತಿಯುಂಟು. ಸ್ವಾತಂತ್ರ್ಯವು ಗೇಣುಗೇಣಾಗಿ ಹಿಂದಿರುಗುವಾಗ ಅದನ್ನು ಗೇಣುಗೇಣಾಗಿಯೇ ಅನುಭವಿಸುವುದು ವಿವೇಕ. ಅಂಥ ಅನುಭವಕ್ಕೆ ತಕ್ಕ ಕ್ಷೇತ್ರ ನಮ್ಮ ಮನೆಯಿಂದ ಒಂದೆರಡು ಹರಿದಾರಿಯೊಳಗೇ ಇದೆ. ದೂರದ ಪ್ರವಾಸ ಸಾಧ್ಯವಿಲ್ಲವೆಂಬ ಕಾರಣಕ್ಕೆ ಒಲ್ಲದ ಮನಸ್ಸಿನಿಂದ ಮಾಡಿಕೊಂಡ ರಾಜಿಯೆಂದು ಸಮೀಪ ಸಂಚಾರವನ್ನು ಎಣಿಸಬೇಕಾಗಿಲ್ಲ. ತನ್ನಷ್ಟಕ್ಕೆ ತಾನೇ ಅದೊಂದು ದೊಡ್ಡ ಸುಖ, ಒಂದು ಬಗೆಯ ಪೌರಶಿಕ್ಷಣ. ಸೋಂಕು ಸಂಪೂರ್ಣವಾಗಿ ಶಮನವಾದ ಮೇಲೂ ನಾವು ಬಿಡಬಾರದ ಅಭ್ಯಾಸ. ಅದಕ್ಕೆ ಅವಕಾಶ ಕಲ್ಪಿಸಿಕೊಡುವುದು ನಗರಾಡಳಿತದ ಕರ್ತವ್ಯ.

ಈ ಮಾತನ್ನು ಹೇಳಹೊರಟವನಿಗೆ ಮೊದಲಲ್ಲಿಯೇ ಒಂದು ಸಂಕೋಚ ಅಡ್ಡ ಬರುತ್ತದೆ. ಆ ವರ್ಷದ ಮೇ 5ರಂದು ನಮ್ಮ ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಮಿಕ್ಕಿ ಹೊಸ ಪ್ರಕರಣಗಳು ದಾಖಲಾದುವು. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಜನ ಊರೆಲ್ಲ ಅಲೆದರು. ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತುವು. ಹೆತ್ತವರ ಮುಖವನ್ನು ಕೊನೆಯ ಬಾರಿ ನೋಡಲಾಗದೆ ಉಳಿದ ಮಕ್ಕಳು ನಮ್ಮ ಬೀದಿಬೀದಿಯಲ್ಲಿಯೂ ಇದ್ದಾರೆ. ಅಂಥ ಕಾಲದ ನೆನಪಿರುವಾಗ ವಿಹಾರದ ಮಾತೇ ಅನುಚಿತವಲ್ಲವೆ ಎಂದು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಹಿರಿಯರು ಶೋಕಕ್ಕೂ ಒಂದು ಮರ್ಯಾದೆಯನ್ನು, ಎಂದರೆ ಒಂದು ಎಲ್ಲೆಯನ್ನು, ಗೊತ್ತುಮಾಡಿದ್ದರು. ಮೃತ್ಯು ಸಂಭವಿಸಿದ ಮನೆಯಲ್ಲಿ ಸೂತಕ ಕಳೆದ ಮೇಲೆ ಶುಭಸ್ವೀಕಾರವೆಂಬ ಒಂದು ದಿನವನ್ನು ನಮ್ಮಲ್ಲಿ ಹಲವು ಮನೆತನಗಳವರು ಆಚರಿಸುತ್ತಾರೆ. ಅಂದು ನೆಂಟರಿಷ್ಟರು ಕೂಡಿ, ದುಃಖಿತರಿಗೆ ಸಿಹಿ ಬಡಿಸಿ, ಅವರನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ಆ ವಿಧಿಯಿಂದ ಹೋದವರ ನೆನಪು ಅಳಿಯುವುದಿಲ್ಲ. ಉಳಿದವರು ಹೊಸ್ತಿಲು ದಾಟಿ ಲೋಕದೊಡನೆ ಮತ್ತೆ ಬೆರೆಯುವುದು ಕೃತಘ್ನತೆಯಲ್ಲವೆಂದು ಸಮಾಜವೇ ಅವರಿಗೆ ಅನುಜ್ಞೆ ಕೊಡುತ್ತದೆ. ಆ ಸಲದ ಸಾವುಗಳಲ್ಲಿ ಬಹಳ ಮಂದಿಗೆ ಆ ವಿಧಿಯೂ ಯಥೋಚಿತವಾಗಿ ನಡೆಯಲಿಲ್ಲ, ಆ ಅನುಜ್ಞೆಯೂ ದೊರೆಯಲಿಲ್ಲ. ಆದಕಾರಣ ನೆರೆಮನೆಯ ದುಃಖಿತನೊಬ್ಬನನ್ನು ಬೆಳಗಿನ ಹೊತ್ತು ಕರೆದುಕೊಂಡು ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬರುವುದು ವಿಲಾಸವೆನಿಸದು. ಅದು ಸೌಜನ್ಯಕ್ಕಿಂತಲೂ ಮಿಗಿಲಾದ ಉಪಕಾರ.

ಹೊರಗೆ ಹೋಗಬೇಕು, ನಿಜ, ಹೋಗುವುದೆಲ್ಲಿಗೆ? ಈ ಪ್ರಶ್ನೆಗೆ ಬೆಂಗಳೂರು ಆ ಜುಲೈ ತಿಂಗಳಲ್ಲಿ ಕೊಟ್ಟ ಉತ್ತರ ಲಜ್ಜಾಸ್ಪದವಾಗಿತ್ತು. ವಾರಾಂತ್ಯದ ಕರ್ಫ್ಯೂ ತೆಗೆದದ್ದೇ ತಡ, ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ನಂದಿಬೆಟ್ಟದ ದಾರಿಯಲ್ಲಿ ಕಾರು ಬೈಕುಗಳು ಬೆಳಕು ಹರಿಯುವ ಮುನ್ನವೇ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಿಂತುವು. ಸೂರ್ಯೋದಯವನ್ನೂ ಮಂಜನ್ನೂ ನೋಡಲೆಂದು ಹೊರಟವರು ಮುಂದಿನ ವಾಹನದ ಹೊಗೆಯನ್ನು ಕುಡಿದು, ಪೊಲೀಸರಿಂದ ಹಿಂದಕ್ಕೆ ಕಳುಹಿಸಿಕೊಂಡು, ಹೆದ್ದಾರಿಯ ಬದಿಯಲ್ಲಿ ಕಾಫಿ ಕುಡಿದು ಮನೆಗೆ ಮರಳಿದರು. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯದಲ್ಲಿ ಬೆಟ್ಟಕ್ಕೆ ಪ್ರವೇಶವನ್ನೇ ನಿಷೇಧಿಸಬೇಕಾಯಿತು. ಜನಕ್ಕೆ ಬುದ್ಧಿಯಿಲ್ಲವೆಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಬೈದವರೂ ಬಹಳ. ಆದರೆ ಕೋಟಿಗೂ ಹೆಚ್ಚು ಜನವಿರುವ ನಗರವೊಂದಕ್ಕೆ ವಿಹಾರವೆಂದೊಡನೆ ನೆನಪಾಗುವ ಸ್ಥಳಗಳು ಬೆರಳೆಣಿಕೆಯಷ್ಟೇ ಆದರೆ ಆ ಸ್ಥಳಗಳು ತುಳಿತಕ್ಕೊಳಗಾಗದೆ ಇನ್ನೇನಾದೀತು? ಜನಜಂಗುಳಿಯ ಮೂಲ ಜನರ ಉತ್ಸಾಹದಲ್ಲಿರುವುದಕ್ಕಿಂತ ಅವರ ಕಲ್ಪನೆಯ ದಾರಿದ್ರ್ಯದಲ್ಲಿ ಹೆಚ್ಚಾಗಿದೆ; ಆ ದಾರಿದ್ರ್ಯಕ್ಕೆ ಜನರಷ್ಟೇ ಅಲ್ಲದೆ, ಊರನ್ನು ಅವರಿಗೆ ಪರಿಚಯಿಸದ ಶಾಲೆಗಳೂ ಪತ್ರಿಕೆಗಳೂ ಪ್ರವಾಸೋದ್ಯಮದ ಫಲಕಗಳೂ ಹೊಣೆ.

ಸೋಂಕಿನ ಸ್ವಭಾವವನ್ನು ನೋಡಿದರೂ ಸಮೀಪ ಸಂಚಾರವೇ ಯುಕ್ತವೆಂದು ತೋರುತ್ತದೆ. ಈ ರೋಗಾಣು ಉಸಿರಿನ ಸೂಕ್ಷ್ಮಕಣಗಳೊಡನೆ ಹೊರಬಂದು, ಗಾಳಿಯಾಡದ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲಾಡುತ್ತದೆ. ಬಯಲಿನಲ್ಲಿ ಆ ಕಣಗಳು ಬೇಗನೆ ಚೆದರಿ ವಿರಳವಾಗುತ್ತವೆ. ಹವಾನಿಯಂತ್ರಿತ ಮಾಲಿನಲ್ಲಿ ಕಳೆದ ಎರಡು ಗಂಟೆಗಿಂತ ಮರದಡಿಯಲ್ಲಿ ಕಳೆದ ಎರಡು ಗಂಟೆ ನಿರಪಾಯವೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ದೂರದೂರಿಗೆ ಹೋದವನು ಬಸ್ಸಿನಲ್ಲಿ, ವಸತಿಗೃಹದಲ್ಲಿ, ಊಟದ ಸಾಲಿನಲ್ಲಿ, ಪರಸ್ಥಳದ ಅಪರಿಚಿತರ ನಡುವೆ ಎಷ್ಟೋ ಮುಚ್ಚಿದ ಕೋಣೆಗಳನ್ನು ಹಾದುಹೋಗಬೇಕು. ತಾನು ಹೊತ್ತು ತಂದ ಸೋಂಕನ್ನು, ವೈದ್ಯಸೌಕರ್ಯ ವಿರಳವಾಗಿರುವ ಮಲೆನಾಡಿನ ಒಂದು ಹಳ್ಳಿಗೆ ಬಿಟ್ಟು ಬರುವ ಸಂಭವವೂ ಇದೆ. ಬೆಳಿಗ್ಗೆ ಎದ್ದು ನಡೆದುಹೋಗಿ ತಿಂಡಿಯ ಹೊತ್ತಿಗೆ ಮನೆಗೆ ಬರುವವನಿಗೆ ಈ ಯಾವ ತೊಡಕೂ ಇಲ್ಲ. ಲಸಿಕೆ ಹಾಕಿಸಿಕೊಂಡಾಯಿತೆಂದು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಗುಂಪಿನಲ್ಲಿ ನುಗ್ಗಿದುದು ಮಾತ್ರ ಅಕ್ಷಮ್ಯವಾಗಿತ್ತು. ಎರಡನೆಯ ಡೋಸಿಗಾಗಿ ಅಂದು ಇನ್ನೂ ಕಾಯುತ್ತಿದ್ದವರು ನಮ್ಮ ಸುತ್ತ ಅಸಂಖ್ಯರಿದ್ದರು.

ಇನ್ನು ಸುಖದ ಮಾತಿಗೆ ಬರೋಣ. 1760ರಲ್ಲಿ ಹೈದರಾಲಿಯಿಂದ ಆರಂಭವಾಗಿ ಈಗ 240 ಎಕರೆಗಳಷ್ಟು ಹರಡಿರುವ ಲಾಲ್‌ಬಾಗನ್ನು ನೋಡದ ಬೆಂಗಳೂರಿಗನಿಲ್ಲ. ಆದರೆ ಅದನ್ನು ನಿಜವಾಗಿ ನೋಡಿದವರು ಎಷ್ಟು ಜನವೆಂಬುದು ಸಂದೇಹಾಸ್ಪದ. ನಮ್ಮಲ್ಲಿ ಬಹುಮಂದಿಗೆ ಲಾಲ್‌ಬಾಗ್ ಎಂದರೆ ವರ್ಷಕ್ಕೆರಡು ಸಲದ ಫಲಪುಷ್ಪ ಪ್ರದರ್ಶನ, ಗಾಜಿನ ಮನೆ, ಕಾಲಿಡಲು ಜಾಗವಿಲ್ಲದ ಸರತಿಯ ಸಾಲು. ಸೋಂಕಿನ ಕಾಲದಲ್ಲಿ ಆ ಪ್ರದರ್ಶನ ನಡೆಯಲಿಲ್ಲ. ನಡೆಯದಿದ್ದುದರಿಂದಲೇ ಉದ್ಯಾನ ತನ್ನ ನಿತ್ಯರೂಪದಲ್ಲಿ ಕಾಣಲು ಸಿಕ್ಕಿತೆಂದು ಹೇಳಿದರೆ ತೋಟಗಾರಿಕೆಯವರು ಮುನಿಯಬಾರದು. ಆಷಾಢದ ಗಾಳಿ ಬೀಸುವ ಬೆಳಗ್ಗೆ, ಜಿನುಗುಮಳೆ ನಿಂತ ಹೊತ್ತಿನಲ್ಲಿ, ಅಲ್ಲಿಯ ಬಂಡೆಯನ್ನು ಹತ್ತಬೇಕು. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವೆಂದು ಭೂವಿಜ್ಞಾನಿಗಳು ನಿರ್ಣಯಿಸಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ ಶಿಲೆ ಅದು. ಮಳೆಯಲ್ಲಿ ತೊಯ್ದಾಗ ಅದರ ಮೈಮೇಲಿನ ಕಪ್ಪು ಬಿಳುಪಿನ ಪಟ್ಟೆಗಳು, ಬಿಸಿಲಿನಲ್ಲಿ ಕಾಣದಷ್ಟು ಸ್ಪಷ್ಟವಾಗಿ, ಅಲೆಅಲೆಯಾಗಿ ಬಾಗಿ ಮಡಿಚಿಕೊಂಡಿರುವುದು ಗೋಚರವಾಗುತ್ತದೆ. ಒಂದು ಕಾಲದಲ್ಲಿ ಈ ಕಲ್ಲು ಭೂಗರ್ಭದ ಉರಿಗೂ ಒತ್ತಡಕ್ಕೂ ಸಿಕ್ಕಿ ಮೆತ್ತಗಾಗಿ ಹರಿದಾಡಿತ್ತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಬಂಡೆಯ ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಮೇಲಿನ ಕೆಂಪೇಗೌಡ ಗೋಪುರ ತಲೆಕೆಳಗಾಗಿ ಮೂಡಿರುತ್ತದೆ.

ಆ ಜೂನ್ ತಿಂಗಳಲ್ಲಿ ಬಾಗಿಲು ತೆರೆದ ಮೇಲೆ ಆ ಬಂಡೆಯ ಕೆಳಗಿನ ಕಲ್ಲುಬೆಂಚುಗಳಿಗೆ ಹಿಂದಿರುಗಿದ ಹಿರಿಯರ ಗೋಷ್ಠಿಯೊಂದರ ಪಕ್ಕದಲ್ಲಿ ಕೂತಿದ್ದೆ. ಮೊದಲೆಲ್ಲ ಒಬ್ಬರನ್ನೊಬ್ಬರು ಕಂಡೊಡನೆ "ಏನ್ ಸಮಾಚಾರ?" ಎನ್ನುತ್ತಿದ್ದವರು ಆಗ "ಎರಡನೇದು ಆಯ್ತಾ ರಾಯರೇ?" ಎಂದು ಕೇಳುತ್ತಿದ್ದರು, ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ನಡುವಿನ 84 ದಿನಗಳ ಲೆಕ್ಕವನ್ನು ಏಕಾದಶಿ ದ್ವಾದಶಿಗಳನ್ನು ಎಣಿಸಿದಷ್ಟೇ ಶ್ರದ್ಧೆಯಿಂದ ಎಣಿಸುತ್ತಿದ್ದರು. ಮಧ್ಯದಲ್ಲಿ ಒಬ್ಬರು, ಬಾರದವರೊಬ್ಬರ ಹೆಸರೆತ್ತಿದರು; ಉತ್ತರ ಕೊಡಬೇಕಾಗಿದ್ದವರು ಕನ್ನಡಕ ತೆಗೆದು ಒರೆಸಿಕೊಂಡು, ಬಾಳೆದಿಂಡಿನ ರಸ ಮಾರುವವನು ಈ ಸಲ ಬಂದಿದ್ದಾನೆಯೆ ಎಂದು ಬೇರೆ ಮಾತು ತೆಗೆದರು. ಯಾರೂ ಯಾರನ್ನೂ ಒತ್ತಾಯಿಸಲಿಲ್ಲ. ಮನೆಯೊಳಗೆ ಟೆಲಿಫೋನಿನಲ್ಲಿ ಆಡಲಾಗದ, ಆಡದಿರಲೂ ಆಗದ ಎಷ್ಟೋ ಮಾತುಗಳಿಗೆ ಇಂಥ ಒಂದು ಬೆಂಚಿನ ಸಹವಾಸ ಬೇಕಾಗುತ್ತದೆ. ಬೆಟ್ಟದ ತುದಿಯ ಸೂರ್ಯೋದಯ ಈ ಕೆಲಸವನ್ನು ಮಾಡಲಾರದು.

ಊರಿನ ಒಳಗೇ ಇರುವ ಇತಿಹಾಸದ ಕಡೆಗೆ ತಿರುಗಿದರೆ ಬೆರಗು ಇನ್ನೂ ಹೆಚ್ಚುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಈಗ ಅಪಾರ್ಟ್‌ಮೆಂಟುಗಳ ನಡುವೆ ದಾರಿ ಕೇಳಿಕೊಂಡು ಹೋಗಬೇಕು. ಗಂಗರ ಕಾಲದ ಆ ಗುಡಿಯ ಆವರಣದ ಶಾಸನವೊಂದು, ಕ್ರಿ.ಶ. 900ರ ಆಸುಪಾಸಿನದು, ಬೆಂಗಳೂರಿನಲ್ಲಿ ನಡೆದ ಕಾಳಗವೊಂದನ್ನು ಹೆಸರಿಸುತ್ತದೆ. ಆ ಕಾಳಗದಲ್ಲಿ ನಾಗತ್ತರನೆಂಬ ಅಧಿಕಾರಿಯ ಮಗ ಮಡಿದನೆಂದು ಹೇಳುತ್ತದೆ. ಕೆಂಪೇಗೌಡ ಕೋಟೆ ಕಟ್ಟಿಸಿದ್ದು 1537ರಲ್ಲಿ. ಅದಕ್ಕೆ ಆರುನೂರು ವರ್ಷಗಳಿಗೂ ಹಿಂದೆಯೇ ಈ ಊರಿಗೆ ಹೆಸರಿತ್ತು, ಈ ಹೆಸರಿನ ನೆಲಕ್ಕಾಗಿ ಪ್ರಾಣಬಿಟ್ಟವರಿದ್ದರು. ಉತ್ತರದಲ್ಲಿ ಹೆಬ್ಬಾಳದ ಒಂದು ಬೀದಿಯಲ್ಲಿ 2018ರಲ್ಲಿ ಮತ್ತೆ ಬೆಳಕಿಗೆ ಬಂದ ವೀರಗಲ್ಲು ಇನ್ನೂ ಹಳೆಯದು. ಗಂಗರಾಜನಾದ ಶ್ರೀಪುರುಷನ ಆಳ್ವಿಕೆಯಲ್ಲಿ, ಎಂಟನೆಯ ಶತಮಾನದ ನಡುವಿನಲ್ಲಿ, ಕಿತ್ತಯನೆಂಬ ವೀರ ಹೋರಾಡಿ ಮಡಿದುದನ್ನು ಅದು ಕನ್ನಡದಲ್ಲಿ ಹೇಳುತ್ತದೆ. ಬೆಂಗಳೂರಿನಲ್ಲಿ ದೊರೆತಿರುವ ಅತಿ ಪ್ರಾಚೀನ ಕನ್ನಡ ಶಾಸನ ಅದೇ. ಹಂಪೆಗೆ ಹೋಗುವ ಅನುಕೂಲವಿಲ್ಲದವರು ಒಂದು ಬೆಳಿಗ್ಗೆ ಹೆಬ್ಬಾಳಕ್ಕೆ ಹೋದರೆ ವಿಜಯನಗರ ಕಾಲದ ಹಂಪೆಗಿಂತ ಸುಮಾರು ಆರು ಶತಮಾನ ಹಿಂದಿನ ಕಲ್ಲಿನ ಮುಂದೆ ನಿಲ್ಲಬಹುದು. ಅದಕ್ಕೆ ಟಿಕೆಟಿಲ್ಲ; ಹೆದ್ದಾರಿಯ ಟೋಲೂ ಇಲ್ಲ.

ಮಕ್ಕಳನ್ನು ಕರೆದೊಯ್ಯುವವರಿಗೆ ನಾಲ್ಕು ಗೋಪುರಗಳ ಸುತ್ತಾಟ ಒಪ್ಪಬಹುದು. ಇಮ್ಮಡಿ ಕೆಂಪೇಗೌಡನ ಕಾಲದವೆಂದು ಪ್ರತೀತಿಯಿರುವ ಕಾವಲು ಗೋಪುರಗಳು ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ, ಮೇಖ್ರಿ ವೃತ್ತದ ಬಳಿ ಇವೆ. ನಗರ ಇದಕ್ಕಿಂತ ಆಚೆಗೆ ಬೆಳೆಯಲಾರದೆಂದು ಗುರುತಿಸಿದ ಎಲ್ಲೆಗಳು ಇವೆಂದು ಜನ ಹೇಳುತ್ತ ಬಂದಿದ್ದಾರೆ. ನಾಲ್ಕನ್ನೂ ಬಸ್ಸಿನಲ್ಲಿ ಸುತ್ತಿ ಬಂದ ಹುಡುಗನಿಗೆ, ಹಿಂದಿನ ಊರು ಎಷ್ಟು ಚಿಕ್ಕದು, ಇಂದಿನ ಊರು ಎಷ್ಟು ದೊಡ್ಡದು ಎಂಬುದು ಆನ್‌ಲೈನ್ ತರಗತಿಯ ಯಾವ ಪಾಠಕ್ಕಿಂತಲೂ ಚೆನ್ನಾಗಿ ಮನವರಿಕೆಯಾದೀತು. ಇನ್ನಷ್ಟು ದೂರ ಹೋಗಬಲ್ಲವರಿಗೆ ಮೈಸೂರು ರಸ್ತೆಯ ಕಡೆ ಕೇತೋಹಳ್ಳಿಯ ದೊಡ್ಡ ಆಲದಮರವಿದೆ. ಸುಮಾರು 400 ವರ್ಷದ ಆ ವೃಕ್ಷದ ಮೂಲಕಾಂಡ ರೋಗ ತಗುಲಿ ಅಳಿದುಹೋದರೂ, ಅದರಿಂದ ಇಳಿದ ಬಿಳಲುಗಳೇ ಕಾಂಡಗಳಾಗಿ ಮೂರು ಎಕರೆಯಷ್ಟು ನೆಲಕ್ಕೆ ನೆರಳು ಕೊಡುತ್ತಿವೆ.

ಕೆರೆಗಳ ಮಾತನ್ನು ಸಂಕ್ಷೇಪವಾಗಿ ಹೇಳಲಾಗದು. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣವಾಗಿಯೂ ಸಂಪಂಗಿ ಕೆರೆಯನ್ನು ಕ್ರೀಡಾಂಗಣವಾಗಿಯೂ ಮಾಡಿಕೊಂಡ ನಗರ ನಮ್ಮದು. ಹಾಗಿದ್ದರೂ ಕೈಕೊಂಡನಹಳ್ಳಿ, ಪುಟ್ಟೇನಹಳ್ಳಿಯಂಥ ಕೆರೆಗಳನ್ನು ಸುತ್ತಮುತ್ತಲ ನಿವಾಸಿಗಳು ಪಾಲಿಕೆಯೊಡನೆ ಸೆಣಸಿ, ಪಾಲಿಕೆಯೊಡನೆ ಸಹಕರಿಸಿ, ಮತ್ತೆ ಜೀವಂತಗೊಳಿಸಿದ್ದಾರೆ. ಜಕ್ಕೂರು ಕೆರೆಯ ಏರಿಯ ಮೇಲೆ ನಿಂತರೆ ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನೂ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನೂ, ನಾಮದ ಕೋಳಿಗಳು ಜೊಂಡಿನ ಅಂಚಿನಲ್ಲಿ ಓಡಾಡುವುದನ್ನೂ ದುರ್ಬೀನಿಲ್ಲದೆಯೇ ನೋಡಬಹುದು. ನಿರ್ಬಂಧಗಳು ಸಡಿಲಗೊಂಡ ಮೇಲೆ ಒಂದು ದಿನ ನಮ್ಮ ಬಡಾವಣೆಯ ಕೆರೆಯ ಬಾಗಿಲಿನ ಹತ್ತಿರ ಮುಸುಕಿನ ಜೋಳ ಸುಡುವ ಹೆಂಗಸೊಬ್ಬಳು ತಿರುಗಿ ಅಂಗಡಿ ಹೂಡಿದ್ದಳು. ಕಬ್ಬಿಣದ ಸಣ್ಣ ಒಲೆ, ರಟ್ಟಿನ ಬೀಸಣಿಗೆ, ಖಾರದ ಪುಡಿ ಉಪ್ಪು ಬೆರೆಸಿದ ತಟ್ಟೆ, ಹೋಳುಮಾಡಿದ ನಿಂಬೆಹಣ್ಣು. ಕಿಡಿ ಹಾರುವಾಗಲೆಲ್ಲ ಸೆರಗನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ವ್ಯಾಪಾರ ಹೇಗಮ್ಮ ಎಂದರೆ, "ಸಂಜೆಗೆ ನಾಲ್ಕ್ ನಾಲ್ಕ್ ಜನ ಬಂದ್ ಹೋಗ್ತಿದ್ರೆ ಸಾಕು ಸ್ವಾಮಿ. ಒಂದೇ ದಿನ ಜಾತ್ರೆ ಆದ್ರೆ ಪೊಲೀಸ್ನೋರ್ ಬಂದು ಎಲ್ಲಾನೂ ಎತ್ತಿಸ್ತಾರೆ" ಎಂದಳು. ನಿರ್ಬಂಧಗಳನ್ನು ಸಡಿಲಿಸುವ ಕ್ರಮವನ್ನು ಕುರಿತು ತಜ್ಞರ ಸಮಿತಿಗಳು ಹೇಳಿದ್ದಕ್ಕೂ ಆಕೆ ಹೇಳಿದ್ದಕ್ಕೂ ತಾತ್ಪರ್ಯದಲ್ಲಿ ಭೇದವಿಲ್ಲ. ಆಕೆಯ ಜೀವನೋಪಾಯಕ್ಕೆ ಬೇಕಾದದ್ದು ವಾರಕ್ಕೊಮ್ಮೆಯ ಮಹಾಪ್ರವಾಹವಲ್ಲ, ದಿನದಿನದ ತೊರೆ. ದೂರ ಪ್ರವಾಸದ ಹಣ ಬಹುಪಾಲು ಪೆಟ್ರೋಲಿಗೂ ವಸತಿಗೃಹಕ್ಕೂ ಸಲ್ಲುತ್ತದೆ; ಸಮೀಪ ಸಂಚಾರಿಯ ಹತ್ತಿಪ್ಪತ್ತು ರೂಪಾಯಿ ಜೋಳ ಸುಡುವವಳಿಗೆ, ನೇರಳೆಹಣ್ಣಿನವನಿಗೆ, ಬೀದಿಯ ಕೊನೆಯ ದರ್ಶಿನಿಯಲ್ಲಿ ಲೋಟ ತೊಳೆಯುವ ಹುಡುಗನಿಗೆ ಮುಟ್ಟುತ್ತದೆ. ಸೋಂಕಿನ ಎರಡು ಬೇಸಿಗೆಯ ವ್ಯಾಪಾರವನ್ನು ಕಳೆದುಕೊಂಡವರು ಇವರೇ.

ದೂರದ ಕ್ಷೇತ್ರಕ್ಕೆ ಹೋದವನು ಅದನ್ನು ಒಂದೇ ಸಲ ನೋಡುತ್ತಾನೆ. ಒಂದೇ ಸಲದಲ್ಲಿ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಧಾವಂತದಲ್ಲಿ, ಕಣ್ಣಿಗಿಂತ ಕ್ಯಾಮೆರಾಕ್ಕೆ ಹೆಚ್ಚು ಕೆಲಸ ಕೊಡುತ್ತಾನೆ. ಹತ್ತಿರದ ಸ್ಥಳಕ್ಕೆ ಹೋಗುವವನಿಗೆ ನಾಳೆಯೂ ಬರಬಹುದೆಂಬ ನಿಶ್ಚಿಂತೆಯಿದೆ. ಅವನು ಅದೇ ಹೊಂಗೆಯ ಮರ ಚೈತ್ರದಲ್ಲಿ ಚಿಗುರಿದ್ದನ್ನೂ ಆಷಾಢದಲ್ಲಿ ಕಪ್ಪಿಟ್ಟದ್ದನ್ನೂ ನೋಡುತ್ತಾನೆ; ಕೆರೆಯ ನೀರು ಏರಿದ್ದನ್ನೂ, ಯಾವ ದಿಕ್ಕಿನಿಂದಲೋ ಕೊಳಚೆ ಬಂದು ಸೇರಿದ್ದನ್ನೂ ಗುರುತಿಸುತ್ತಾನೆ. ಪರಿಚಯದಿಂದ ಪ್ರೀತಿ, ಪ್ರೀತಿಯಿಂದ ಕಾಳಜಿ, ಕಾಳಜಿಯಿಂದ ಪ್ರಶ್ನೆ: ಪೌರಪ್ರಜ್ಞೆ ಹುಟ್ಟುವ ಕ್ರಮವೇ ಇದು. ತಾನು ನಿತ್ಯ ನಡೆಯುವ ಏರಿಯನ್ನು ಒಬ್ಬ ಒತ್ತುವರಿ ಮಾಡಿದರೆ ಆ ನಡೆದಾಡುವವನು ಅರ್ಜಿ ಬರೆಯುತ್ತಾನೆ. ವರ್ಷಕ್ಕೊಮ್ಮೆ ದೂರದ ಜಲಪಾತಕ್ಕೆ ಹೋಗಿಬರುವವನು ಅಲ್ಲಿ ಪ್ಲಾಸ್ಟಿಕ್ಕಿನ ಬಾಟಲಿ ಎಸೆದು ಬರುತ್ತಾನೆ. ವಿಹಾರ ಪೌರಶಿಕ್ಷಣವೆಂದು ಮೊದಲಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಇದು ಬೆಂಗಳೂರಿಗೊಂದಕ್ಕೇ ಅನ್ವಯಿಸುವ ಮಾತಲ್ಲ. 2021ರ ಜೂನ್ ತಿಂಗಳಲ್ಲಿ ಇತರ ಅನೇಕ ಜಿಲ್ಲೆಗಳಿಗೆ ವಿನಾಯಿತಿ ಸಿಕ್ಕ ಮೇಲೂ ಮೈಸೂರು ಕೆಲವು ಕಾಲ ಬಿಗಿಯಾದ ಕಟ್ಟಳೆಯಲ್ಲಿಯೇ ಉಳಿಯಿತು; ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿಬೆಟ್ಟಕ್ಕೆ ಭಕ್ತರ ಪ್ರವೇಶವೂ ಹಿಂದಿನ ವರ್ಷದಂತೆಯೇ ಆ ವರ್ಷವೂ ನಿಷಿದ್ಧವಾಯಿತು. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆ ಆ ಊರಿನ ನಡುವಿನಲ್ಲಿಯೇ ಇದೆ. ಕುವೆಂಪು ಅವರು ನಡೆದಾಡುತ್ತಿದ್ದ ಆ ಏರಿಯ ಮೇಲೆ ಇಂದಿನ ವಿದ್ಯಾರ್ಥಿಯೂ ನಡೆಯಬಹುದು. ಧಾರವಾಡದವರಿಗೆ ಬೇಂದ್ರೆಯವರ ಮನೆಯೆದುರಿನ ಸಾಧನಕೇರಿಯಿದೆ. ಆ ಕವಿಗಳಿಗೆ ಮಹತ್ತಾದ ಕಾವ್ಯವಸ್ತುಗಳು ಮನೆಯ ಸಮೀಪದಲ್ಲಿಯೇ ದೊರೆತುವೆಂಬುದನ್ನು, ದೂರ ಹೋಗಲಾಗಲಿಲ್ಲವೆಂದು ಪರಿತಪಿಸುವವರು ಮರೆಯಬಾರದು.

ಇನ್ನು ಆಡಳಿತದ ಹೊಣೆಯನ್ನು ಕುರಿತು. ಮಹಾಮಾರಿ ಈ ನಗರಕ್ಕೆ ಹೊಸದಲ್ಲ. 1898ರ ಆಗಸ್ಟ್ ತಿಂಗಳಲ್ಲಿ ರೈಲುದಾರಿಯಲ್ಲಿ ಬಂದ ಪ್ಲೇಗು, ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಊರ ಹೊರಗೆ ಪ್ಲೇಗಮ್ಮನ ಗುಡಿಗಳು ಎದ್ದುವು. ಆ ಭಯದಿಂದ ಅಂದಿನವರು ಕಲಿತ ಪಾಠ ಇಂದಿಗೂ ನಮ್ಮ ಕಣ್ಣಮುಂದಿದೆ. ಬೆಳಕು ಗಾಳಿ ಬರುವಂತೆ ಅಗಲವಾದ ಬೀದಿಗಳನ್ನೂ ಮನೆಗಳ ಹಿಂಭಾಗದಲ್ಲಿ ಗಲ್ಲಿಗಳನ್ನೂ ಬಿಟ್ಟು ರೂಪಿಸಿದ್ದ ಬಸವನಗುಡಿ ಮಲ್ಲೇಶ್ವರಗಳು ಪ್ಲೇಗಿನ ತರುವಾಯ ಭರದಿಂದ ತುಂಬಿದುವು. ದಂಡಿನ ಕಡೆ ಫ್ರೇಜರ್ ಟೌನ್ ಅದೇ ಆರೋಗ್ಯದೃಷ್ಟಿಯಿಂದ 1910ರ ಸುಮಾರಿಗೆ ನಿರ್ಮಾಣವಾಯಿತು. ಇಂದು ನಾವು ಹಳೆಯ ಬೆಂಗಳೂರಿನ ಸೊಬಗೆಂದು ಕೊಂಡಾಡುವ ಸಾಲುಮರ, ಅಂಗಳ, ಬೀದಿಯ ವಿಸ್ತಾರ, ಇವೆಲ್ಲದರಲ್ಲಿಯೂ ಒಂದು ಸಾಂಕ್ರಾಮಿಕದ ಪಾಠ ಅಡಗಿದೆ. ಅಂದಿನ ಬಡ ಸಂಸ್ಥಾನವೊಂದು ತನ್ನ ಪ್ಲೇಗಿನಿಂದ ಬಸವನಗುಡಿಯನ್ನು ಪಡೆಯಿತು. ಇಂದಿನ ಸಂಪನ್ನ ರಾಜಧಾನಿ ತನ್ನ ಕೋವಿಡ್ಡಿನಿಂದ ಏನನ್ನು ಪಡೆಯಿತು? ಒಂದಿಷ್ಟು ಸ್ಯಾನಿಟೈಸರ್ ಸ್ಟ್ಯಾಂಡುಗಳನ್ನೂ, ನೆಲದ ಮೇಲೆ ಮಾಸಿಹೋಗುತ್ತಿದ್ದ ವೃತ್ತಗಳನ್ನೂ ಬಿಟ್ಟರೆ 2021ರಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

ಕೇಳಬೇಕಾದವು ದೊಡ್ಡ ಯೋಜನೆಗಳಲ್ಲ. 2021ರಲ್ಲಿ ಬೆಂಗಳೂರಿನ ಬಹುಪಾಲು ಬಡಾವಣೆಯ ಉದ್ಯಾನಗಳು ನಡುಹಗಲು ಬೀಗ ಹಾಕಿಕೊಂಡಿರುತ್ತಿದ್ದುವು; ಅದು ಸೋಂಕಿಗಿಂತ ಮೊದಲೇ ಇದ್ದ ವಾಡಿಕೆ. ಬೆಳಿಗ್ಗೆಯೂ ಸಂಜೆಯೂ ಬಿಡುವಿರುವ ಪಿಂಚಣಿದಾರರಿಗೂ ಕಚೇರಿಯ ನೌಕರರಿಗೂ ಆ ವ್ಯವಸ್ಥೆ ಅನುಕೂಲವಾಗಿತ್ತು. ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಧ್ಯಾಹ್ನ ಬುತ್ತಿ ಬಿಚ್ಚುವ ಹೆಂಗಸಿಗೆ, ಮುಂದಿನ ಆರ್ಡರಿಗಾಗಿ ಬೈಕಿನ ಮೇಲೆಯೇ ಕಾಯುವ ಡೆಲಿವರಿ ಹುಡುಗನಿಗೆ, ಗಾರೆಕೆಲಸದವರ ಮಕ್ಕಳಿಗೆ ನೆರಳಿನ ಅಗತ್ಯವಿರುವುದು ಮಟಮಟ ಮಧ್ಯಾಹ್ನ. ಸಮೀಪ ಸಂಚಾರವೆಂಬುದು ಅನುಕೂಲಸ್ಥರ ಹವ್ಯಾಸವಲ್ಲವೆ ಎಂದು ಆಕ್ಷೇಪಿಸುವವರಿಗೆ ನಾನು ಹೇಳುವುದಿಷ್ಟೆ: ಅದು ಹಾಗಾಗಿದ್ದರೆ ತಪ್ಪು ಬೀಗದ್ದು. ಜನರನ್ನು ಬೆಳಗಿನ ಐದು ಗಂಟೆಗಳೊಳಗೆ ಒತ್ತಿಹಾಕುವುದಕ್ಕಿಂತ, ಇಡೀ ದಿನ ಬಾಗಿಲು ತೆರೆದಿಟ್ಟು ಅವರನ್ನು ಹಂಚಿಬಿಡುವುದು ಸೋಂಕಿನ ದೃಷ್ಟಿಯಿಂದಲೂ ಮೇಲು. ಉದ್ಯಾನಕ್ಕೆ ಹೋಗುವ ಪಾದಚಾರಿ ಮಾರ್ಗದಲ್ಲಿ ಕಲ್ಲುಚಪ್ಪಡಿ ಕುಸಿಯದಿರಬೇಕು. ಕೆರೆಯ ದಂಡೆಯಲ್ಲಿ ಹೆಂಗಸರು ನಂಬಿ ಹೋಗಬಹುದಾದ ಶೌಚಾಲಯ, ವೃದ್ಧರಿಗೆ ಒಂದು ಬೆಂಚು ಇರಬೇಕು. ಬೇಗೂರು ಹೆಬ್ಬಾಳಗಳ ಶಾಸನಗಳಿಗೆ ಮಳೆ ತಾಗದ ಸೂರು, ಅವುಗಳಲ್ಲಿ ಏನು ಬರೆದಿದೆಯೆಂದು ಸರಳವಾದ ಕನ್ನಡದಲ್ಲಿ ಹೇಳುವ ಒಂದು ಫಲಕ ಇರಬೇಕು. ಬೀದಿ ವ್ಯಾಪಾರಿಗಳನ್ನು ಓಡಿಸದೆ ನಿಲ್ಲಲು ಬಿಡುವ ಜಾಗ ಇರಬೇಕು. ಈ ಎಲ್ಲಕ್ಕೂ ಸೇರಿ ಒಂದು ಮೇಲುಸೇತುವೆಯ ವೆಚ್ಚವಾಗದು.

ಓದುಗರಲ್ಲಿ ನನ್ನ ವಿಜ್ಞಾಪನೆ ಇದಕ್ಕಿಂತಲೂ ಚಿಕ್ಕದು. ನಂದಿಯೂ ಮಡಿಕೇರಿಯೂ ಎಲ್ಲಿಗೂ ಹೋಗುವುದಿಲ್ಲ. ಅವುಗಳಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ. ಮನೆಯಿಂದ ನಡೆದೇ ಮುಟ್ಟಬಹುದಾದ ಕೆರೆ, ತೋಪು, ಗುಡಿ, ಕಲ್ಲು, ಯಾವುದಾದರೊಂದನ್ನು ಗೊತ್ತುಮಾಡಿಕೊಂಡು, ಭಾನುವಾರವನ್ನು ಬ್ಯಾಂಕಿನಲ್ಲೂ ಅಂಗಡಿಯಲ್ಲೂ ವಾರವಿಡೀ ದುಡಿಯುವವರಿಗೆ ಬಿಟ್ಟುಕೊಟ್ಟು, ವಾರದ ನಡುವಿನ ಒಂದು ದಿನ ಹೋಗಿಬನ್ನಿ. ಕಂಡ ಸೊಗಸನ್ನು ನೆರೆಯವರಿಗೆ ಹೇಳಿ. ಕಂಡ ಕೊರತೆಯನ್ನು ವಾರ್ಡ್ ಕಚೇರಿಗೆ ಬರೆದು ತಿಳಿಸಿ. ನಡುಹಗಲು ಬೀಗ ಬಿದ್ದ ಉದ್ಯಾನ ನಿಮ್ಮ ಬಡಾವಣೆಯಲ್ಲಿದ್ದರೆ ಬರೆಯಬೇಕಾದ ಮೊದಲನೆಯ ಪತ್ರ ಅದನ್ನು ಕುರಿತದ್ದಾಗಲಿ.